ಕಡೇ ನುಡಿಯ ಮೂವತ್ತೊಂದು ಹೆಸರು

ನೌಬಾದ ಊರಿನ ಮೇಲೆ ಇನ್ನೂ ಮಂಜು ಮಲಗಿದೆ. ಕಿಟಕಿಯ ಕೆಳಗೆ ಕೂತ ಮಹಾಮಾಯಾ ಒಂದು ಹಾಳೆಯನ್ನು ಬೆಳಕಿಗೆ ಹಿಡಿದಿದ್ದಾಳೆ. ಎಷ್ಟು ತೆಳುವೆಂದರೆ, ಅವಳ ಬೆರಳುಗಳೇ ಅಕ್ಷರಗಳ ನಡುವೆ ನಡೆದಾಡುವಂತೆ ಕಾಣುತ್ತವೆ. ಪಕ್ಕದ ಬೋಗುಣಿಯಲ್ಲಿ ಮೈದಾ ಅಂಟು ತಣಿಯುತ್ತಿದೆ. ಗಾಳಿ ಏಳುವ ಮುಂಚೆ ಕೆಲಸ ಮುಗಿಯಬೇಕು.

ಐವತ್ತೆರಡರ ಮಹಾಮಾಯಾ ಹಳೇ ಪುಸ್ತಕ ಹೊಲಿಯುವವಳು. ಕಸುಬು ಕಲಿಸಿದ್ದು ಗಾಂಧಿ ಗಂಜ್ ಪೇಟೆಯ ಹಿಂದಿನ ಓಣಿಯ ಹುಸೇನ ಉಸ್ತಾದರು. "ಹೆಣ್ಮಗಳು ಕೂತ್ರ ಗಿರಾಕಿ ಬರಲ್ಲ ಅಂದ್ರು ಮಂದಿ. ಉಸ್ತಾದ್ ನಕ್ಕು, 'ಸೂಜಿಗೇನ್ ಗೊತ್ತದ ಯಾರ ಕೈ ಅಂತ?' ಅಂದ್ರು ನೋಡ್ರಿ," ಎನ್ನುತ್ತಾಳೆ. ದಿನಕ್ಕೆ ನಾಲ್ಕು ಹಾಳೆ, ಮೋಡ ಕವಿದರೆ ಎರಡೇ. ಈಗ ಕೈಯಲ್ಲಿರುವುದು ನೂರಾ ಆರು ಹಾಳೆಯ ಹಾಡಿನ ಪುಸ್ತಕ.

ಕಂಪನಿ ಸರಕಾರದ ಕಾಲದಲ್ಲಿ ಸೋಲಾಪುರದ ಕಡೆ ಕಲ್ಲಚ್ಚಿನಲ್ಲಿ ಮುದ್ರಣವಾದ ಶಿವಭಜನೆಯ ಪದಗಳು. ಕಟ್ಟಿದವರು ಔರಾದ ಸೀಮೆಯ ಬೀಸುವ, ಕುಟ್ಟುವ ಹೆಂಗಸರು. ಕಡೇ ನುಡಿಯಲ್ಲಿ ತಮ್ಮ ಹೆಸರು ಹೇಳಿ ಹಾಡು ಮುಗಿಸುವುದು ಅವರ ರೂಢಿ. ಅಚ್ಚು ಹಾಕಿಸಿದ ಸಾಹುಕಾರ ಕಡೇ ನುಡಿಗಳನ್ನೆಲ್ಲ ಕತ್ತರಿಸಿದ; ಮುಖಪುಟದಲ್ಲಿ ತನ್ನ ಹೆಸರನ್ನು ಹೆಬ್ಬೆರಳ ಗಾತ್ರಕ್ಕೆ ಬರೆಸಿದ. ದೇವರ ಪುಸ್ತಕದಲ್ಲೂ ಹಾಡಹಗಲ ಕಳವು! ಹಾಡುವವರು ಬಿಡಲಿಲ್ಲ. ಬಿಟ್ಟ ನುಡಿಗಳನ್ನು ಚೀಟಿಯಲ್ಲಿ ಬರೆಸಿ, ಕೆಳಗಿನ ಅಚ್ಚು ಮುಚ್ಚಿದರೂ ಮುಚ್ಚಲೆಂದು ಈ ಪ್ರತಿಯಲ್ಲಿ ಅಂಟಿಸುತ್ತ ಬಂದರು. ಮೂವತ್ತೊಂದು ಚೀಟಿ, ಮೂವತ್ತೊಂದು ಹೆಸರು.

ಪುಸ್ತಕವನ್ನು ಮತ್ತೆ ಅಚ್ಚಿಗೆ ಹಾಕಿಸಲು ಹೊರಟವರು ಭಾಲ್ಕಿಯ ನಿವೃತ್ತ ಮಾಸ್ತರು ಗುರುನಾಥ. "ಚೀಟಿ ಕಿತ್ತು ಕೊಡವ್ವಾ, ಮೂಲ ಇದ್ದಂಗ ಕಾಣಬೇಕು" ಎಂದಿದ್ದರು. ಮಹಾಮಾಯಾ ಮೊದಲ ಚೀಟಿಗೆ ನೀರು ತಾಗಿಸಿದಳು. ಕಾಡಿಗೆಯ ಶಾಯಿ. ಓದಿಟ್ಟುಕೊಳ್ಳುವ ಮೊದಲೇ ಹೆಸರು ಹೊಗೆಯಂತೆ ಬಿಚ್ಚಿಕೊಂಡು ನೀರಿನಲ್ಲಿ ತೇಲಿಹೋಯಿತು. "ಒಂದು ಜೀವಾನೇ ತೊಳದು ಚೆಲ್ಲಿದಂಗಾಯ್ತ್ರಿ."

ಮರುದಿನವೇ ಠಾಣಾ ಕುಶನೂರಿನ ಬಸ್ಸು ಹತ್ತಿದಳು. ಅಲ್ಲಿ ಸುಮಿತ್ರಾಬಾಯಿ ಎಂಬ ಮುದುಕಿಗೆ ಆ ಪದ ಬರುತ್ತದೆಂದು ಕೇಳಿದ್ದಳು. ಮುದುಕಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು.

"ಕಡೇ ಹೆಸರಷ್ಟೇ ಹೇಳ್ರಿ ಅತ್ತಿ."

"ಹೆಸರಷ್ಟೇ ಹ್ಯಾಂಗ ಬರ್ತದವ್ವಾ? ಅದೇನ್ ಬಸ್ಸೇನು, ನಡುವ ಹತ್ತಲಿಕ್ಕಿ? ಮೊದಲಿಂದ ಹಾಡಿದ್ರ ತಾನೇ ಬರ್ತದ. ಕೂಡು."

ಹದಿನಾಲ್ಕು ನುಡಿ. ಏಳನೆಯದಕ್ಕೆ ಮೊರ ನಿಂತಿತು. ಹತ್ತನೆಯದಕ್ಕೆ ಮುದುಕಿಯ ಕಣ್ಣು ಮುಚ್ಚಿದವು. ಅಂಗಳವೂ ಬಿಸಿಲೂ ಮಹಾಮಾಯಾಳಿಂದ ಎಲ್ಲೋ ದೂರ ಸರಿದವು. ಹಾಡಿನ ತುದಿಯಲ್ಲಿ, ಬಾಗಿಲು ತೆರೆದು ಯಾರೋ ಹೊರಬಂದಂತೆ, ಹೆಸರು ಬಂತು: ಕುಶನೂರ ತುಳಜವ್ವ.

"ಯಾರ್ರಿ ಆಕಿ?"

"ಯಾರಿಗ್ಗೊತ್ತು? ಹಾಡಿದಾಗೊಮ್ಮಿ ಬಂದು ಹೋಗ್ತಾಳ."

ಆ ಕಡೇ ನುಡಿಯನ್ನು ಹೆಸರಿನೊಂದಿಗೆ ಹೊಸ ಚೀಟಿಯಲ್ಲಿ ಬರೆದ ಮಹಾಮಾಯಾ ಉಳಿದ ಮೂವತ್ತನ್ನು ಕೀಳಲೇ ಇಲ್ಲ. ನೀರು ಸೋಕಿಸದೆ, ತೆಳು ಅಲಗಿನಿಂದ ಮೂರು ಅಂಚು ಬಿಡಿಸಿ, ಒಂದಂಚನ್ನು ಮಾತ್ರ ಅಂಟಿನಲ್ಲಿ ಉಳಿಸುತ್ತಿದ್ದಾಳೆ. ಚೀಟಿ ಎತ್ತಿದರೆ ಕೆಳಗಿನ ಅಚ್ಚು, ಇಳಿಸಿದರೆ ಹೆಸರು.

ಇವತ್ತು ಹತ್ತು ಗಂಟೆಗೆ ಗುರುನಾಥ ಮಾಸ್ತರು ಬಂದಿದ್ದಾರೆ. ಒಂದು ಚೀಟಿ ಎತ್ತುತ್ತಾರೆ, ಇಳಿಸುತ್ತಾರೆ, ಮತ್ತೆ ಎತ್ತುತ್ತಾರೆ. ಕೀಳುವ ಮಾತು ಎತ್ತುವುದಿಲ್ಲ.

"ಇದನ್ನ ಹೊಸ ಅಚ್ಚಿನಾಗ ಹ್ಯಾಂಗ ತರೂದು ಮಹಾಮಾಯಾ?"

ಅವಳು ದಾರ ಕಚ್ಚಿ ಹರಿಯುತ್ತಾಳೆ. "ಹಾಡಿನ ಕೆಳಗ ಹಾಕ್ರಿ ಸರ. ಸಾಹುಕಾರನ ಹೆಸರು ಎಷ್ಟು ದೊಡ್ಡದದ, ಅಷ್ಟೇ ದೊಡ್ಡದು. ಜಾಗ ಸಾಲಲ್ಲಂದ್ರ ಅವಂದು ಸಣ್ಣ ಮಾಡ್ರಿ."