ಕರಿ ಹರಿದ ಕೆಂಪು ಟ್ರ್ಯಾಕ್ಟರ್

ಈ ಸಲದ ಕಾರಹುಣ್ಣಿಮೆಗೆ ನಮ್ಮೂರಲ್ಲಿ ಕರಿ ಹರಿದದ್ದು ಎತ್ತಲ್ಲ, ಟ್ರ್ಯಾಕ್ಟರ್.

ನಗಬೇಡಿ. ನಾನು ಆಗಲೇ ನಿಮ್ಮ ಪಾಲಿನದನ್ನೂ ಸೇರಿಸಿ ನಕ್ಕಾಗಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಗಸಿಗೆ, ಅಂದರೆ ಊರ ಹೆಬ್ಬಾಗಿಲಿಗೆ, ಅಡ್ಡಲಾಗಿ ಬೇವಿನ ಸೊಪ್ಪು, ಕೊಬ್ಬರಿ ಬಟ್ಟಲು ಪೋಣಿಸಿದ ಹಗ್ಗ ಕಟ್ಟುತ್ತಾರೆ. ಅದೇ ಕರಿ. ಸಿಂಗರಿಸಿದ ಎತ್ತುಗಳನ್ನು ಅದರ ಮೇಲೆ ಓಡಿಸುತ್ತಾರೆ. ಮೊದಲು ಹರಿದ ಎತ್ತಿನ ಬಣ್ಣ ನೋಡಿ ಆ ವರ್ಷದ ಬೆಳೆ ಹೇಳುತ್ತಾರೆ. ಬಿಳಿ ಎತ್ತಾದರೆ ಬಿಳಿಜೋಳ, ಕೆಂಪಾದರೆ ತೊಗರಿ. ಮೊಬೈಲಿನಲ್ಲಿ ಬರುವ ಹವಾಮಾನಕ್ಕಿಂತ ನಮ್ಮವರಿಗೆ ಇದರ ಮೇಲೇ ನಂಬಿಕೆ.

ಆದರೆ ಎತ್ತೆಲ್ಲಿವೆ ಸ್ವಾಮಿ? ಹುನಗುಂದದ ಪಕ್ಕದ ನಮ್ಮೂರಲ್ಲಿ ಉಳಿದದ್ದು ಬೀರಪ್ಪನ ಗುಡಿಯ ಪೂಜಾರಿಯವರ ಒಂದೇ ಜೋಡಿ. ಅವೂ ಮುದಿಯಾಗಿ ಎದ್ದು ನಿಲ್ಲುವುದಕ್ಕೇ ಮೀನಮೇಷ ಎಣಿಸುತ್ತವೆ. ಹಾಗಾಗಿ ಟ್ರ್ಯಾಕ್ಟರ್ ಓಡಿಸುವುದೆಂದು ತೀರ್ಮಾನವಾಯಿತು. ಹಿರಿಯರು ಕಟ್ಟೆಯ ಮೇಲೆ ಕುಳಿತು ಬಣ್ಣಗಳ ವಿಚಾರ ಶುರುಮಾಡಿದರು. ಕೆಂಪು ಗಾಡಿ ಹರಿದರೆ ತೊಗರಿ. ಹಸಿರು ಗಾಡಿಯಾದರೆ ಹೆಸರುಕಾಳು. ನೀಲಿಯಾದರೆ? ನೀಲಿ ಬೆಳೆ ಎಲ್ಲಿಂದ ತರುವುದು?

"ನೀಲಿ ಬಂದ್ರ ಕಾಲುವಿಗೆ ನೀರು ಬರ್ತೈತಿ ತಗೋರಿ" ಅಂದರು ಒಬ್ಬ ಅಜ್ಜ.

ಎಲ್ಲರೂ ಒಪ್ಪಿದರು. (ನಮ್ಮೂರಲ್ಲಿ ಇಷ್ಟು ಬೇಗ ಮುಗಿದ ಸಭೆಯನ್ನು ನಾನು ಕಂಡಿಲ್ಲ.)

ಇದರಲ್ಲಿ ನನಗೇನು ಅಂತೀರಾ? ನನ್ನ ಕಾಕಾ ಇದ್ದಾನಲ್ಲ, ಅಪ್ಪನ ತಮ್ಮ ಸಂಗಪ್ಪ. ಅವನ ಕೆಂಪು ಟ್ರ್ಯಾಕ್ಟರ್ ಮನೆಯಲ್ಲಿ ಉಳಿಯಬೇಕೋ ಹೋಗಬೇಕೋ ಎನ್ನುವುದೂ ಅವತ್ತೇ ತೀರ್ಮಾನವಾಗುವುದಿತ್ತು.

ಅದು ನಮ್ಮ ಅಜ್ಜ ತಂದ ಗಾಡಿ. ಗುಂಡು ಮೂತಿ. ಮುಂದೆ ನೆಟ್ಟಗೆ ನಿಂತ ಸೈಲೆನ್ಸರ್, ಅದರೊಳಗೆ ಮಳೆನೀರು ಹೋಗದಂತೆ ಮೇಲೊಂದು ಹಾಲಿನಪುಡಿ ಡಬ್ಬಿ. ಕಬ್ಬಿಣದ ಸೀಟು, ಅದಕ್ಕೊಂದು ಗೋಣಿಚೀಲ. ಪವರ್ ಸ್ಟೀರಿಂಗ್ ಇಲ್ಲ, ಕಾಕಾನ ರಟ್ಟೆಯೇ ಪವರ್. (ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಪುಕ್ಕಟೆ ಆಯಿಲ್ ಕೊಡುತ್ತಾರಾ?) ಯಾರಾದರೂ ಒಂದು ಮಾತು ಕೇಳಿದರೆ ಸಾಕು, ಕಾಕಾ ಅದರ ಚರಿತ್ರೆ ಬಿಚ್ಚುತ್ತಾನೆ.

"ಮೊದಲಿನ್ವು ಹಡಗಿನ್ಯಾಗ ಬಂದ್ವು. ಆಮ್ಯಾಲ ನಮ್ಮ ದೇಶದಾಗ ತಯಾರಾಗಾಕ ಹತ್ತಿದ್ವು. ಗುಂಡು ಮೂತಿ ಹೋಗಿ ಚೌಕ ಮೂತಿ ಬಂತು. ಮಾಲಕ್ರು ಬದ್ಲಾದ್ರು, ಮೂತಿ ಮ್ಯಾಲಿನ ಹೆಸರಿನ ಬಿಲ್ಲೆ ಬದ್ಲಾತು. ಒಳಗಿನ ಮೂರು ಸಿಲಿಂಡರ್ ಇಂಜಿನ್ ಮಾತ್ರ ಅದೇ ಐತಿ! ಇವತ್ತಿನ ಗಾಡಿ ಪಂಪು ತಂದು ಇದಕ್ಕ ಹಚ್ಚು, ಕೂಡ್ತೈತಿ."

ನಮ್ಮ ಮನೆತನದ ಚರಿತ್ರೆ ಕೇಳಿದರೆ ಇದೇ ಕಾಕಾ ಮುತ್ತಜ್ಜನ ಹೆಸರಿಗೇ ತಡವರಿಸುತ್ತಾನೆ.

ಇನ್ನೊಂದು ವಿಶೇಷವಿದೆ. ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಿಕೊಂಡರೆ ಈ ಗಾಡಿಯ ಹೈಡ್ರಾಲಿಕ್ ತಾನಾಗಿಯೇ ಅದನ್ನು ಚೂರು ಮೇಲಕ್ಕೆತ್ತುತ್ತದೆ. ಎಲ್ಲಿ ಹಟ ಮಾಡಬಾರದು ಎಂದು ಅದಕ್ಕೆ ಗೊತ್ತು. ಅದನ್ನು ಓಡಿಸುವವರಿಗೆ ಗೊತ್ತಿಲ್ಲ, ಅಷ್ಟೇ.

ಯಾಕೆಂದರೆ ಕಾಕಾನ ಮಗ ಮಹಾಂತೇಶನಿಗೆ ಹೊಸ ಗಾಡಿ ಬೇಕು. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡೋಣ ಎಂದು ಯುಗಾದಿಯಿಂದ ಬೆನ್ನು ಬಿದ್ದಿದ್ದ. ಕಾಕಾ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ಕರಿಯ ಸುದ್ದಿ ಬಂದದ್ದೇ ಮಹಾಂತೇಶನಿಗೆ ದಾರಿ ಸಿಕ್ಕಿತು.

"ಅಪ್ಪಾ, ನಿನ್ನ ಗಾಡಿ ಕರಿ ಹರೀತಂದ್ರ ಇಟ್ಕೊಳ್ಳೂಣು. ಇಲ್ಲಂದ್ರ ಕೊಟ್ಟಬಿಡೂಣು. ಒಪ್ಪತಿ ಏನು?"

"ಹೂಂ, ಒಪ್ಪೇನಿ ನಡಿ!" ಅಂದುಬಿಟ್ಟ ಕಾಕಾ. ಸಿಟ್ಟಿನಲ್ಲಿ.

ನಾನು ಇಳಕಲ್ಲಿನಿಂದ ಹೋದದ್ದು ಕಾಕಾನ ಹೆಂಡತಿ ಚಿಗವ್ವನ ಹೋಳಿಗೆ ಊಟಕ್ಕೆ. ನೋಡಿದರೆ ಚಿಗವ್ವ ಒಲೆ ಬಿಟ್ಟು ಆರತಿ ತಟ್ಟೆ ಹಿಡಿದು ಅಗಸಿಯ ಆಚೆ, ಉಳಿದ ಹೆಂಗಸರ ಜೊತೆ ನಿಂತಿದ್ದಳು. ಗೆದ್ದು ಬಂದ ಗಾಡಿಗೆ ಆರತಿ ಬೆಳಗಬೇಕಲ್ಲ.

ಓಟ ಶುರುವಾಯಿತು. ಮುಂದೆ ನೀಲಿ, ಅದರ ಬೆನ್ನಿಗೆ ಹಸಿರು. ಎರಡೂ ಹೊಚ್ಚ ಹೊಸವು. ನಮ್ಮ ಕೆಂಪು ಹಿಂದೆ ಕರಿ ಹೊಗೆ ಉಗುಳುತ್ತಾ, ಡಬ್ಬಿ ಕುಣಿಸುತ್ತಾ ಬರುತ್ತಿತ್ತು. ಕಥೆ ಮುಗಿಯಿತು ಅಂದುಕೊಂಡೆ. ಆಗ ಹತ್ತಿರ ಬಂತು ಅಗಸಿ. ಅದನ್ನು ಕಟ್ಟಿಸಿದವರಿಗೆ ಟ್ರ್ಯಾಕ್ಟರ್ ಕನಸಿರಲಿಲ್ಲ. ಒಂದು ಗಾಡಿ ಹೋದರೆ ಹೆಚ್ಚು.

"ಲೇ, ಪೇಂಟ್ ಹೋಗ್ತೈತಿ, ನಿಂದರ್ಸಲೇ!" ಎಂದು ನೀಲಿ ಗಾಡಿಯ ಮಾಲೀಕ ಹೊಯ್ಕೊಂಡ. ನೀಲಿ ಎಡಕ್ಕೆ ನಿಂತಿತು. ಹಸಿರು ಬಲಕ್ಕೆ ನಿಂತಿತು. ನಡುವಿನ ಸಂದಿನಲ್ಲಿ ನಮ್ಮ ಕಾಕಾ ಎದ್ದು ನಿಂತು, ಹಲ್ಲು ಕಚ್ಚಿ, ಸೀದಾ ನುಗ್ಗಿದ! ಕರಿ ಹರಿದು ಸೈಲೆನ್ಸರಿಗೆ ಸುತ್ತಿಕೊಂಡಿತು. ಹೆಂಗಸರು ಚಿಟ್ಟನೆ ಚೀರಿ ಎರಡೂ ಕಡೆ ಚೆದುರಿದರು. ಗಾಡಿ ಮುಂದೆ ಹೋಗಿ ತಿಪ್ಪೆಯೊಳಗೆ ಮೂತಿ ಇಟ್ಟು ನಿಂತಿತು.

ಭಂಡಾರದ ಅರಿಶಿನ ಎರಚಿದ್ದೇ ಎರಚಿದ್ದು. ಎಕ್ಸ್‌ಚೇಂಜ್ ಆಸೆ ಮಣ್ಣುಪಾಲಾದ ಮಹಾಂತೇಶ ಅಳಬೇಕಿತ್ತು. ಅವನೋ ಅಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದ. "ಏನ್ ಧೈರ್ಯ ಸಂಗಪ್ಪಂದು!" ಎಂದು ಊರೆಲ್ಲ ಹೊಗಳಿತು.

ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದ ಕಾಕಾನಿಗೆ ನೀರು ಹಾಕಲು ಹೋದೆ. ಅವನು ಸುತ್ತ ನೋಡಿ ದನಿ ತಗ್ಗಿಸಿದ.

"ತಂಗಿ, ಧೈರ್ಯ ಅಲ್ಲವ್ವಾ ಅದು. ಬ್ರೇಕ್ ತುಳದ್ನಿ. ಎದ್ದು ನಿಂತು ತುಳದ್ನಿ. ಹತ್ತಲಿಲ್ಲ. ಕಡೀಕ ಇಂಜಿನ್ ಬಂದ್ ಮಾಡೂ ದಾರ ಜಗ್ಗಿದ್ನಿ, ಅದಕ್ಕ ನಿಂತೈತಿ. ನಿಮ್ಮ ಚಿಗವ್ವ ಎದುರಿಗೇ ಇದ್ಲು."

ಅಷ್ಟು ಹೊತ್ತು ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು.

ಊಟಕ್ಕೆ ಕುಳಿತಾಗ ಕಾಕಾನೇ ಮಾತು ತೆಗೆದ. "ಮಹಾಂತೇಶಾ, ಆ ಗಾಡಿ ಕೊಟ್ಟಬಿಡೂಣಪಾ. ಬ್ರೇಕ್ ಹೋಗೈತಿ."

ಮಹಾಂತೇಶ ಹೋಳಿಗೆ ಕೆಳಗಿಟ್ಟ. "ಊರಿಗೆ ತೊಗರಿ ತಂದ ಗಾಡಿ ಮಾರೂದಾ? ಮಂದಿ ಏನಂದಾರು? ಆ ಬ್ರೇಕ್ ಸುದ್ದಿ ಯಾರ ಮುಂದೂ ಆಡಬ್ಯಾಡ."

(ನಾನು ಆಡಿದೆ. ಅಂಕಣ ಬರೆಯುವವರ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ?)

ಈಗಿನ ಪರಿಸ್ಥಿತಿ ಕೇಳಿ. ಹೆಸರು ಬಿತ್ತಬೇಕೆಂದು ಬೀಜ ತಂದಿದ್ದವರೂ ಅದನ್ನು ಅಟ್ಟಕ್ಕೇರಿಸಿ ತೊಗರಿ ಬಿತ್ತಿದ್ದಾರೆ. ಒಂದು ಬ್ರೇಕ್ ಸವೆದದ್ದಕ್ಕೆ ಇಡೀ ಊರಿನ ಬೆಳೆ ಬದಲಾಯಿತು. ಅಗಸಿಯ ಪಕ್ಕದಲ್ಲಿ ಗಾಡಿಯದೊಂದು ದೊಡ್ಡ ಫ್ಲೆಕ್ಸ್ ಎದ್ದಿದೆ; ಅದರಲ್ಲಿ ಮಹಾಂತೇಶ ಕರಿಕನ್ನಡಕ ಹಾಕಿಕೊಂಡು ಗಾಡಿಗೆ ಒರಗಿದ್ದಾನೆ. ಕಾಕಾ ಪಾಪ, ಕೊಡುವುದಂತೂ ಆಗಲಿಲ್ಲವೆಂದು ಬಾಗಲಕೋಟೆಗೆ ಹೋಗಿ ಹೊಸ ಬ್ರೇಕ್ ಲೈನಿಂಗ್ ತಂದ. ಇಷ್ಟು ಹಳೆಯ ಗಾಡಿಗೂ ಕೇಳಿದ ಕೂಡಲೇ ಸಿಕ್ಕಿತಂತೆ. ಮಹಾಂತೇಶ ಅದನ್ನು ಇಸಿದುಕೊಂಡು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದಾನೆ.

ಫೋನಿನಲ್ಲಿ ಬೈದೆ. ಅವನು ನಕ್ಕ.

"ಅಕ್ಕಾ, ಬ್ರೇಕ್ ಹಾಕಿಸಿದ್ರ ಮುಂದಿನ ವರ್ಷ ಗೆಲ್ಲೂದು ಹೆಂಗ?"

ಸರಿ, ಗೆಲ್ಲಲಿ. ಆದರೆ ಆರತಿ ತಟ್ಟೆ ಹಿಡಿದು ಅಗಸಿಯ ಆಚೆ ನಿಲ್ಲುವವರು ಯಾರು?