ಕಡೆಯ ಬೆಂಚಿಗೆ ಕೇಳಿಸುವ ಗೋಡೆ

ಮಲಪ್ರಭಾ ನೆರೆ ಬಂದುಹೋದ ಮರುವರ್ಷ. ನಾನು ಆಗ ರೋಣದಲ್ಲಿ ಹಳೆಯ ಕಟ್ಟಡಗಳ ದುರಸ್ತಿ ನೋಡುವ ಎಂಜಿನಿಯರ್. ನನ್ನಂತೆ ನನ್ನ ಮೀಸೆಯೂ ಇನ್ನೂ ಪ್ರೊಬೇಷನ್‌ನಲ್ಲಿತ್ತು. ಗಜೇಂದ್ರಗಡದ ನೇಕಾರರ ಮನೆಯ ಹುಡುಗ. ಬಸ್ ಸ್ಟ್ಯಾಂಡಿನ ಕಂಡಕ್ಟರುಗಳ ದನಿ ಅನುಕರಿಸುವುದನ್ನು ಎಂಜಿನಿಯರಿಂಗಿಗಿಂತ ಮೊದಲೇ, ಅದಕ್ಕಿಂತ ಚೆನ್ನಾಗಿ ಕಲಿತಿದ್ದೆ.

ಮೆಣಸಗಿಯ ಆಚೆ ಒಂದು ಹಳ್ಳಿಯಲ್ಲಿ ಪರದೇಶದ ಪಾದ್ರಿಗಳು ಕಟ್ಟಿಸಿದ ಮಿಷನ್ ಚರ್ಚ್ ಇದೆ. ಕಲ್ಲು ಮತ್ತು ಸುಣ್ಣದ ಗಾರೆಯ ಕಟ್ಟಡ. ವೇದಿಕೆಯ ಹಿಂದಿನ ಗೋಡೆ, ನಿಲ್ಲಿಸಿ ಸೀಳಿದ ಕೊಡದಂತೆ ಒಳಬಾಗಿದೆ. ನೆರೆಯಲ್ಲಿ ನೆನೆದ ಪಾಯದ ಕೆಳಗಿನ ಎರೆಮಣ್ಣು ಒಣಗಿ ಕುಗ್ಗಿದಾಗ ಆ ಗೋಡೆ ಬಿರಿಯಿತು. ಚರ್ಚ್ ಸಮಿತಿಯ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರ್ ಸ್ಯಾಮುವೆಲ್ ಸರ್. ಅದನ್ನು ಕೆಡವಿ ಕಾಂಕ್ರೀಟ್ ಗೋಡೆ ಎಬ್ಬಿಸಿ, ಟೈಲ್ಸ್ ಹಚ್ಚಿಸುವುದು ಅವರ ಯೋಜನೆ. ಅದಕ್ಕೆ ‘ಗೋಡೆ ಅಪಾಯಕಾರಿ’ ಎಂಬ ನನ್ನ ಸಹಿ ಬೇಕಿತ್ತು.

“ಅಂದ್ರ ಏನಂದ್ರ, ತಮ್ಮಾ, ಸಹಿ ಮಾಡಿ ಚಾ ಕುಡಿ,” ಎಂದರು ಸರ್, ಒಂದೊಂದೇ ಮಾತು ಎಳೆಯುತ್ತ.

“ಚಾ ಮೊದಲ ಕುಡೀತೀನ್ರಿ ಸರ್. ಸಹಿ ಆಮ್ಯಾಲ ನೋಡೂಣು.”

ಬಾಗಿಲ ಪಕ್ಕದ ಕಡೆಯ ಬೆಂಚಿನಲ್ಲಿ ಎಸ್ತೇರವ್ವ ಕೂತಿದ್ದರು. ಮೊಣಕಾಲು ಹಿಡಿದಿದ್ದರಿಂದ ಅದಕ್ಕಿಂತ ಮುಂದೆ ನಡೆಯಲಾಗದು, ಕಿವಿಯೂ ಮಂದ.

“ಆ ಗ್ವಾಡಿ ಕೆಡವಬ್ಯಾಡ್ರಿ. ಅದು ಐತಂತನ ನನಗ ಇಲ್ಲೀತನ ಪ್ರಾರ್ಥನಿ ಕೇಳಸ್ತೈತಿ.”

“ಮೈಕ್ ಹಾಕಸ್ತೀವಿ ಬಿಡಬೇ,” ಎಂದರು ಸರ್.

“ಮೈಕ್ ಬರೇ ಗುಂಯ್ ಅಂತೈತಿ. ನೀವ ಕೇಳ್ರಿ ಅದನ್ನ.”

ನಾನು ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಗಳನ್ನು ಅಂಟಿಸಿದೆ. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು, ಒಂದೂ ಒಡೆಯಲಿಲ್ಲ. ಅಮೆರಿಕದಲ್ಲಿ ಸ್ಪೇನಿನವರು ಮಣ್ಣಿಟ್ಟಿಗೆಯಿಂದ ಕಟ್ಟಿದ ಮಿಷನ್ ಚರ್ಚುಗಳ ವಿಷಯ ತರಬೇತಿಯಲ್ಲಿ ಓದಿದ್ದೆ. ಅಲ್ಲಿ ಗಟ್ಟಿ ಮಾಡುತ್ತೇವೆಂದು ಸಿಮೆಂಟ್ ಬಳಿದಾಗ ತೇವ ಒಳಗೇ ಉಳಿದು ಗೋಡೆಗಳು ಕೊಳೆತವು. ಹಳೆಯದನ್ನು ಹಳೆಯ ಗಾರೆಯಲ್ಲೇ ಹೊಲಿಯಬೇಕು.

ಚರ್ಚಿನಲ್ಲೇ ಸೇರಿದ ಸಮಿತಿಯ ಸಭೆಯಲ್ಲಿ ಇಷ್ಟೂ ಹೇಳಿ, ಒಳಬಾಗಿದ ಗೋಡೆ ದನಿಯನ್ನು ಕಡೆಯ ಬೆಂಚಿನವರೆಗೂ ಒಯ್ಯುತ್ತದೆ, ಸಹಿ ಮಾಡುವುದಿಲ್ಲ ಎಂದೆ. ಸರ್ ಕೆಂಪಾದರು. “ಗ್ವಾಡಿ ದನಿ ಒಯ್ಯತೈತೇನೋ? ಮುದುಕಿ ಮಾತು ಕೇಳಿ ನನಗ ಪಾಠ ಹೇಳ್ತಿ?”

“ನೀವು ಒಂದೀಟು ಎಸ್ತೇರವ್ವನ ಬಾಜೂಕ ಕೂಡ್ರಿ ಸರ್.”

ಗೊಣಗುತ್ತಲೇ ಹೋಗಿ ಕೂತರು. ನಾನು ವೇದಿಕೆ ಹತ್ತಿ, ಎಲ್ಲರಿಗೂ ಬೆನ್ನು ಮಾಡಿ, ಗೋಡೆಯತ್ತ ಮೆಲ್ಲಗೆ ಸರ್ ಅವರದೇ ದನಿಯಲ್ಲಿ ಅಂದೆ: “ಅಂದ್ರ ಏನಂದ್ರ... ಎಸ್ತೇರವ್ವ ಹೇಳೂದು ಖರೇ ಐತಿ. ನಾನ ಸುಮ್ನ ಹಟ ಹಿಡದೀನಿ.”

ಕೆಲಸ ಹೋಯಿತು ಎಂದುಕೊಂಡೆ.

“ನಾ ಹಂಗ ಎಳದೆಳದ ಮಾತಾಡ್ತೀನೇನು?” ಹಿಂದಿನಿಂದ ಸರ್ ದನಿ.

“ನೀವು ಇನ್ನೂ ಉದ್ದ ಎಳೀತೀರಿ,” ಎಂದರು ಎಸ್ತೇರವ್ವ.

ಸಭೆ ನಕ್ಕಿತು. ಸರ್ ನಗಲಿಲ್ಲ. ಗೋಡೆಯನ್ನೂ ಪಕ್ಕದ ಮುದುಕಿಯನ್ನೂ ನೋಡಿದರು. “ಕಿವ್ಯಾಗ ಬಂದು ಅಂದಂಗಾತಲೋ...” ಎಂದು ಕೈಯಲ್ಲಿದ್ದ ಹೊಸ ಗೋಡೆಯ ನಕಾಶೆ ಸುತ್ತಿಟ್ಟರು. “ಸಹಿ ಬ್ಯಾಡ. ಗಾರಿ ಅರಿಯೋರು ಎಲ್ಲಿ ಸಿಗ್ತಾರ, ನೋಡು.”

ನರಗುಂದದಿಂದ ಗೌಂಡಿಗಳು ಬಂದು ಸುಣ್ಣದ ಗಾರೆಯಲ್ಲೇ ಬಿರುಕು ಹೊಲಿದರು. ಗೋಡೆ ಇಂದಿಗೂ ನಿಂತಿದೆ, ಎಸ್ತೇರವ್ವ ಅದೇ ಬೆಂಚಿನಲ್ಲಿ ಕೂಡುತ್ತಾರೆ. ಈಗ ಯಾರಾದರೂ ಕೆಡವಲು ಸಹಿ ಕೇಳಿದರೆ, ಆ ಕಟ್ಟಡದ ಕಡೆಯ ಸಾಲಿನಲ್ಲಿ ಕೂಡುವವರು ಯಾರೆಂದು ಮೊದಲು ವಿಚಾರಿಸುತ್ತೇನೆ. ಆಮೇಲೂ ಒತ್ತಾಯಿಸಿದರೆ ‘ಆಗಂಗಿಲ್ಲ’ ಅನ್ನುತ್ತೇನೆ, ಸಹಿ ಕೇಳಿದವರದೇ ದನಿಯಲ್ಲಿ.