ಅತ್ತೆಗೆ ಕನ್ನಡ ಕಲಿಸಿದ್ದು

ಸರ್ಕಾರಿ ಕಚೇರಿಯಿಂದ ನಿವೃತ್ತಳಾದ ಮೇಲೆ ಮಧ್ಯಾಹ್ನಗಳು ತೀರಾ ಉದ್ದವಾದವು. ದೆಹಲಿಯ ಮಯೂರ್ ವಿಹಾರ್‌ನಲ್ಲಿ ನಮ್ಮ ಸೊಸೈಟಿಯ ಹಿಂದೆಯೇ ಇರುವ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ, ಏನಾದರೂ ಕೆಲಸವಿದ್ದರೆ ಪುಕ್ಕಟೆ ಮಾಡಿಕೊಡುತ್ತೇನೆ ಎಂದೆ. ಪುಸ್ತಕ ಜೋಡಿಸಲು ಹೇಳಬಹುದು ಅಂದುಕೊಂಡಿದ್ದೆ. ಲೈಬ್ರೇರಿಯನ್ ಚುರುಕಾದ ಹುಡುಗಿ. ನನ್ನ ಊರು ಕೇಳಿದವಳೇ, "ಅಚ್ಛಾ! ದೊಡ್ಡವರಿಗೆ ಯೋಗ ಇದೆ, ಮೊಬೈಲ್ ಕಲಿಸೋ ಕ್ಲಾಸ್ ಇದೆ. ನೀವು ಕನ್ನಡ ಕಲಿಸಿ ಆಂಟೀಜೀ," ಎಂದು ಬಾಗಿಲಿಗೆ ಚೀಟಿ ಅಂಟಿಸಿಯೇಬಿಟ್ಟಳು.

ಶನಿವಾರ ಒಬ್ಬರೇ ಬಂದರು. ನನ್ನದೇ ವಯಸ್ಸಿನ ಪಂಜಾಬಿ ಹೆಂಗಸು, ಕೈಯಲ್ಲಿ ಹೆಣಿಗೆಯ ಚೀಲ. ನಾನು ಬೋರ್ಡಿನ ಮೇಲೆ ಅ, ಆ ಬರೆಯತೊಡಗಿದರೆ ಬೇಡವೆಂದು ಕೈಯಾಡಿಸಿದರು.

"ಬೆಹನ್‌ಜೀ, ಓದೋದು ಬರೆಯೋದು ಬೇಡ. ಮಾತಾಡೋದೂ ಬೇಡ. ಕೇಳಿದರೆ ಅರ್ಥವಾದರೆ ಸಾಕು," ಎಂದರು ಹಿಂದಿಯಲ್ಲಿ.

"ಯಾಕೆ?"

ಆಚೀಚೆ ನೋಡಿ ದನಿ ತಗ್ಗಿಸಿದರು. "ನನ್ನ ಸೊಸೆ ಮೈಸೂರಿನವಳು. ದಿನಾ ಅವಳಮ್ಮನಿಗೆ ಫೋನ್ ಮಾಡ್ತಾಳೆ. ಮಧ್ಯೆ ಮಧ್ಯೆ 'ಅತ್ತೆ, ಅತ್ತೆ' ಅಂತಾಳೆ. ಅದರ ಹಿಂದೆ ಮುಂದೆ ಏನಿದೆ ಅಂತ ಗೊತ್ತಾಗಬೇಕು."

ಮುಖ ಕಾಣದ ಆ ಸೊಸೆಯ ಬಗ್ಗೆ ಅಯ್ಯೋ ಎನ್ನಿಸಿತು. ಆದರೆ ಇದ್ದ ಒಬ್ಬ ವಿದ್ಯಾರ್ಥಿನಿಯನ್ನು ಕಳೆದುಕೊಳ್ಳಲು ಯಾವ ಟೀಚರಿಗೆ ಮನಸ್ಸು ಬರುತ್ತದೆ? ಒಳ್ಳೆಯ ಮಾತುಗಳನ್ನೇ ಮೊದಲು ಕಲಿಸಿದೆ: ಚೆನ್ನಾಗಿದೆ, ಪಾಪ, ಪ್ರೀತಿ. ಅವರೇನು ಕಡಿಮೆ! "ತಲೆ ತಿಂತಾರೆ ಅಂದರೇನು?" ಎಂದು ಸೊಸೆಯ ಬಾಯಿಂದ ಹೆಕ್ಕಿ ತಂದು ಕೇಳಿದರು. ತಲೆಗೆ ಎಣ್ಣೆ ಹಚ್ಚುವುದು ಎಂದು ತೇಲಿಸಿದೆ. ಮುಂದಿನ ಶನಿವಾರ ಬಂದು, "ಪಾಪ, ಅವಳಿಗೆ ಆಸೆಯೇನೋ ಅಂತ ಚೆನ್ನಾಗಿ ಎಣ್ಣೆ ತಿಕ್ಕಿದೆ," ಎಂದರು.

ಚಳಿ ಶುರುವಾಗುವ ಹೊತ್ತಿಗೆ, ಒಂದು ದಿನ ಅವರ ಹಿಂದೆಯೇ ಸೊಸೆಯೂ ಬಂದಳು. ಎಣ್ಣೆಯ ಸುಳ್ಳು ಬಯಲಾಯಿತೇನೋ ಎಂದು ನಾನು ಬೋರ್ಡು ಒರೆಸತೊಡಗಿದೆ.

"ಆಂಟಿ, ನಮ್ಮತ್ತೆಗೆ ಕನ್ನಡ ಕಲಿಸಿದ್ದು ನೀವೇನಾ?"

"ಹೌದಮ್ಮ. ಏನಾಯ್ತು?"

"ನಿನ್ನೆ ನಮ್ಮಮ್ಮಂಗೆ, ಅತ್ತೆ ಮಾಡೋ ರಾಜ್ಮಾಗೆ ಉಪ್ಪು ಜಾಸ್ತಿ ಅಂದೆ. ಅಡುಗೆಮನೆಯಿಂದ 'ಜಾಸ್ತಿ ಇಲ್ಲ, ಚೆನ್ನಾಗಿದೆ!' ಅಂತ ಕನ್ನಡದಲ್ಲಿ ಕೂಗಿದ್ರು. ಫೋನ್ ಕೈಯಿಂದ ಜಾರೇಬಿಡ್ತು! ಅದನ್ನ ಎತ್ಕೊಂಡು ಇವರು ನಮ್ಮಮ್ಮನ್ನ 'ಊಟ ಆಯ್ತಾ?' ಅಂತ ಕೇಳಿದ್ರು. ಇಷ್ಟು ವರ್ಷದಲ್ಲಿ ಅವರಿಬ್ಬರೂ ನಮಸ್ತೆ ಬಿಟ್ಟು ಬೇರೆ ಮಾತೇ ಆಡಿರ್ಲಿಲ್ಲ. ಅಮ್ಮ ಅಳೋದೊಂದು ಬಾಕಿ."

ಅತ್ತೆ ಹೆಮ್ಮೆಯಿಂದ ಸ್ವೆಟರ್ ಹೆಣೆಯುತ್ತ ಕುಳಿತಿದ್ದರು. ಬೈಯಲು ಬಂದಿಲ್ಲವಲ್ಲ ಎಂದು ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಸೊಸೆ ಲೈಬ್ರೇರಿಯನ್ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದಳು: "ಇಲ್ಲಿ ಪಂಜಾಬಿ ಕ್ಲಾಸ್ ಇದೆಯಾ? ಇವರು ಕರೋಲ್ ಬಾಗ್‌ನ ಅಕ್ಕನ ಜೊತೆ ಫೋನಲ್ಲಿ ಗಂಟೆಗಟ್ಟಲೆ ಮಾತಾಡ್ತಾರೆ. ನನಗೂ ಗೊತ್ತಾಗಬೇಕಲ್ಲ."

ಹೆಣಿಗೆಯ ಕಡ್ಡಿಗಳು ನಿಂತವು. ಲೈಬ್ರೇರಿಯನ್ ಮುಖ ಅರಳಿತು. ಅವಳಿಗೆ ಇನ್ನೊಂದು ಕ್ಲಾಸ್ ಸಿಕ್ಕಿತ್ತು, ಕಲಿಸುವವರು ಮಾತ್ರ ಬೇಕಿತ್ತು. ಅತ್ತೆ ಸ್ವಲ್ಪ ಯೋಚಿಸಿ ತಾವೇ ಕಲಿಸುವುದಾಗಿ ಒಪ್ಪಿದರು. ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ, "ಬೇರೆಯವರು ಕಲಿಸಿದರೆ ಎಲ್ಲಾ ಕಲಿಸಿಬಿಡ್ತಾರೆ," ಎಂದರು.

ಈಗ ಭಾನುವಾರ ನಾನೂ ಆ ಸೊಸೆಯ ಪಕ್ಕದಲ್ಲಿ ಕುಳಿತು ಪಂಜಾಬಿ ಕಲಿಯುತ್ತೇನೆ. ಟೀಚರ್ ಬಹಳ ಸ್ಟ್ರಿಕ್ಟು. ನಾವಿಬ್ಬರೂ ಪಿಸುಗುಟ್ಟಿದರೆ ಕನ್ನಡದಲ್ಲೇ ಗದರುತ್ತಾರೆ.